ಅಟ್ಟದ ಕಟ್ಟುಗಳು ಪಟ್ಟಿಗೆ ಸೇರಿದ ಬಗೆ

ಕೇಂದ್ರ ಸರ್ಕಾರದ ಸಂಸ್ಕೃತಿ ಸಚಿವಾಲಯ ಎಂದರೆ ಅಕಾಡೆಮಿಗಳ ಪ್ರಶಸ್ತಿ ಸಮಾರಂಭ, ದೊಡ್ಡ ಊರುಗಳ ಕಲಾ ಮಹೋತ್ಸವ, ಹೆಚ್ಚೆಂದರೆ ಸಂರಕ್ಷಿತ ಸ್ಮಾರಕಗಳ ಮುಂದೆ ನಿಲ್ಲಿಸಿದ ನೀಲಿ ಫಲಕ ಎಂದೇ ನಾನು ಬಹುಕಾಲ ತಿಳಿದಿದ್ದೆ. ಆ ಸಚಿವಾಲಯದ ಕೈ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಂಚಿನ ಮನೆಯ ಅಟ್ಟದವರೆಗೂ ಚಾಚಬಲ್ಲದು ಎಂಬುದು ನನಗೆ ಗೊತ್ತಾದದ್ದು ನಮ್ಮ ಮನೆಯ ತಾಳೆಗರಿಯ ಕಟ್ಟುಗಳನ್ನು ಹಸ್ತಪ್ರತಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಲು ಓಡಾಡಿದಾಗ. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ತೊಡಕಾಗುತ್ತದೆ, ಯಾವುದಕ್ಕೆ ಸರ್ಕಾರವೇ ಬೇಕು, ಯಾವುದು ಸರ್ಕಾರದ ನಮೂನೆಯೊಳಗೆ ಹಿಡಿಸುವುದಿಲ್ಲ ಎಂಬುದನ್ನು ಕಂಡಷ್ಟು ಬರೆಯುತ್ತಿದ್ದೇನೆ. ಇಂಥ ಕಟ್ಟುಗಳಿರುವ ಮನೆಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಇನ್ನೂ ಬೇಕಾದಷ್ಟಿವೆ.

ಮಾಡು ಬಿಚ್ಚಿ ಹೊಸ ರೀಪು ಹಾಕಿಸುವಾಗ ಅಟ್ಟ ಖಾಲಿ ಮಾಡಬೇಕಾಯಿತು. ಅಡುಗೆಮನೆಯ ಹೊಗೆ ಏರುವ ಮೂಲೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು ಒಂದು ಬಿದಿರಿನ ಪೆಟ್ಟಿಗೆಯಲ್ಲಿದ್ದವು. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆಂದು ಅವುಗಳಲ್ಲಿ ಒಂದೆರಡನ್ನು ಕೆಳಗಿಳಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಮೇಲಕ್ಕೇರಿಸುವುದು ವಾಡಿಕೆ. ಬಿಚ್ಚಿ ಓದುವ ವಾಡಿಕೆ ಮಾತ್ರ ಅಜ್ಜನ ಕಾಲಕ್ಕೇ ನಿಂತಿತ್ತು. ಹೊಗೆ ಅವುಗಳನ್ನು ಕಪ್ಪಾಗಿಸಿತ್ತಾದರೂ ಹುಳುವಿನಿಂದ ಕಾಪಾಡಿಯೂ ಇತ್ತು. ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂದ ನಂತರದ ವರ್ಷಗಳಲ್ಲೇ ಹೆಚ್ಚಿನ ಹಾನಿ ಆಗಿರುವುದು ಎಂದು ಆಮೇಲೆ ಬಂದ ಸಂರಕ್ಷಣಾ ತಜ್ಞರು ಹೇಳಿದರು.

ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2003ರ ಫೆಬ್ರವರಿಯಲ್ಲಿ. ಆಗ ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಒಂದೇ ಸಚಿವಾಲಯದಲ್ಲಿದ್ದವು. ದೇಶದಲ್ಲಿ ಒಂದು ಕೋಟಿಯಷ್ಟು ಹಸ್ತಪ್ರತಿಗಳಿರಬಹುದು, ಅವುಗಳಲ್ಲಿ ಬಹುಪಾಲು ಮಠ, ಬಸದಿ, ದೇವಸ್ಥಾನ ಮತ್ತು ಮನೆಗಳಲ್ಲಿವೆ ಎಂಬುದು ಅಭಿಯಾನದ ಅಂದಾಜು. ದೆಹಲಿಯಲ್ಲಿ ಕುಳಿತವರು ಅಷ್ಟು ಮನೆಗಳ ಬಾಗಿಲು ತಟ್ಟಲಾರರಾದ್ದರಿಂದ ವಿಶ್ವವಿದ್ಯಾಲಯ, ಸಂಶೋಧನಾಲಯ, ಮಠಗಳನ್ನೇ ಸಂಪನ್ಮೂಲ ಕೇಂದ್ರಗಳೆಂದೂ ಸಂರಕ್ಷಣಾ ಕೇಂದ್ರಗಳೆಂದೂ ಗುರುತಿಸಿ, ಅವುಗಳಿಗೆ ಹಣ, ತರಬೇತಿ, ನಮೂನೆ ಕೊಟ್ಟು ಸಮೀಕ್ಷೆ ನಡೆಸುವ ಏರ್ಪಾಡು ಮಾಡಲಾಯಿತು. ಸಂಪನ್ಮೂಲ ಕೇಂದ್ರದವರು ಹುಡುಕಿ ಪಟ್ಟಿ ಮಾಡುತ್ತಾರೆ. ಸಂರಕ್ಷಣಾ ಕೇಂದ್ರದವರು ಶುಚಿಗೊಳಿಸಿ ಉಳಿಸುವ ಕ್ರಮ ಹೇಳಿಕೊಡುತ್ತಾರೆ. ಪಟ್ಟಿಯ ವಿವರ ರಾಷ್ಟ್ರೀಯ ದತ್ತಾಂಶಕ್ಕೆ ಸೇರುತ್ತದೆ. 2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಇದೇ ಕೆಲಸವನ್ನು ಜ್ಞಾನ ಭಾರತಂ ಎಂಬ ಹೆಸರಿನಲ್ಲಿ, ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಗುರಿಯಿಟ್ಟು ಹಿಗ್ಗಿಸಿದ್ದಾರೆ.

ನಾನು ಪತ್ರ ಬರೆದದ್ದು ಇಂಥದೊಂದು ಕೇಂದ್ರಕ್ಕೆ; ಅದರ ಹೆಸರು ಇಲ್ಲಿ ಮುಖ್ಯವಲ್ಲ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ದೂರವಾಣಿಯಲ್ಲಿ ಸಿಕ್ಕವರು, ಯೋಜನೆಯ ಅವಧಿ ಮುಗಿದು ಹಿಂದಿನ ಸಿಬ್ಬಂದಿ ಬಿಟ್ಟುಹೋಗಿದ್ದಾರೆ, ಹೊಸಬರು ಬರುವವರೆಗೆ ಕಾಯಿರಿ ಎಂದರು. ಹೊಸಬರು ಬಂದದ್ದು ಮಳೆಗಾಲ ಕಳೆದ ಮೇಲೆ. ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅನಿಸಿಕೆ. ಹಳೆಯ ಲಿಪಿ ಓದಲು, ಒಡೆಯುವ ಗರಿಯನ್ನು ಒಡೆಯದಂತೆ ಬಿಡಿಸಲು ವರ್ಷಗಟ್ಟಲೆ ಕಲಿತವರನ್ನು ಯೋಜನೆಯಿಂದ ಯೋಜನೆಗೆ ಗುತ್ತಿಗೆಯ ಮೇಲೆ ಇಟ್ಟುಕೊಂಡರೆ, ಕೈ ಪಳಗುವ ಹೊತ್ತಿಗೆ ಅವರು ಬೇರೆ ಉದ್ಯೋಗ ನೋಡಿಕೊಳ್ಳಬೇಕಾಗುತ್ತದೆ. ಕಟ್ಟಡಕ್ಕೆ, ಸ್ಕ್ಯಾನರಿಗೆ ಒಂದು ಸಲ ಹಣ ಕೊಟ್ಟರೆ ಸಾಕು; ಓದಬಲ್ಲ ಮನುಷ್ಯನಿಗೆ ಪ್ರತಿ ತಿಂಗಳೂ ಕೊಡಬೇಕು ಎಂಬುದನ್ನು ಬಜೆಟ್ ಬರೆಯುವವರು ಮನಸ್ಸಿಗೆ ತಂದುಕೊಂಡಂತೆ ಕಾಣುವುದಿಲ್ಲ.

ಅಷ್ಟರಲ್ಲಿ ಮನೆಯಲ್ಲೇ ಒಂದು ತಕರಾರು ಎದ್ದಿತ್ತು. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. 1974ರ ಭೂ ಸುಧಾರಣಾ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಯ ಮುಂದೆ ಹಳೆಯ ಕಾಗದಪತ್ರ ಹಾಜರುಪಡಿಸಿದ ತಲೆಮಾರು ಅವರದು. "ಮಾಣಿ, ಕಚೇರಿ ಮೆಟ್ಟಿಲು ಹತ್ತಿದ ಕಾಗದ ವಾಪಸ್ ಬತ್ತಿಲ್ಲೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರ ಅಂಜಿಕೆಯನ್ನು ತಳ್ಳಿಹಾಕುವ ಹಾಗಿರಲಿಲ್ಲ. ಕಾನೂನು ಏನೆನ್ನುತ್ತದೆ ಎಂದು ಹುಡುಕಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಉಳಿದ ವಸ್ತುಗಳು ಪ್ರಾಚ್ಯವಸ್ತು ಎನಿಸಿಕೊಳ್ಳಲು ನೂರು ವರ್ಷ ಹಳೆಯದಾಗಿರಬೇಕು. ಶಾಸ್ತ್ರ, ಸಾಹಿತ್ಯ, ಇತಿಹಾಸ ಅಥವಾ ಕಲೆಯ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷ ಸಾಕು. ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಆದರೆ ಮನೆಯಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕಡ್ಡಾಯವಾಗಿ ನೋಂದಾಯಿಸಬೇಕಾದದ್ದು ಚಿತ್ರಗಳಿರುವ ಹಸ್ತಪ್ರತಿಗಳನ್ನು ಮಾತ್ರ. ನಮ್ಮಲ್ಲಿ ಚಿತ್ರವೆಂದರೆ ಅಲ್ಲೊಂದು ಇಲ್ಲೊಂದು ಯಂತ್ರದ ಗೆರೆ, ಅಷ್ಟೇ. ಅಭಿಯಾನದ ಪಟ್ಟಿಗೆ ಸೇರಿಸುವುದು ಸ್ವಂತ ಇಚ್ಛೆಗೆ ಬಿಟ್ಟದ್ದು, ಸೇರಿಸಿದರೆ ಒಡೆತನ ಬದಲಾಗುವುದಿಲ್ಲ ಎಂಬುದನ್ನು ಕೇಂದ್ರದವರಿಂದ ಬರಹದಲ್ಲಿ ಪಡೆದು ದೊಡ್ಡಪ್ಪನಿಗೆ ಓದಿ ಹೇಳಿದೆ. ಒಂದು ಗರಿಯೂ ಹೊಸ್ತಿಲು ದಾಟಕೂಡದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು.

ಅವರನ್ನು ಒಪ್ಪಿಸುವಾಗ ನಾನು ಬಳಸಿದ ಉದಾಹರಣೆ ಮೈಸೂರಿನದು. ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಅಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ತಂಜಾವೂರು ಸೀಮೆಯ ಒಬ್ಬ ಪಂಡಿತರು ತಮ್ಮ ಬಳಿಯಿದ್ದ ತಾಳೆಗರಿಯ ಪ್ರತಿಯನ್ನು ತಂದು ಆ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಪ್ರತಿ ಕೌಟಿಲ್ಯನ ಅರ್ಥಶಾಸ್ತ್ರ ಎಂಬುದನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಗ್ರಂಥವೊಂದು ಹಾಗೆ ಓದುಗರ ಕೈಗೆ ಬಂದಿತು. ಪ್ರತಿಯನ್ನು ಸ್ವೀಕರಿಸಲು ಒಂದು ಸರ್ಕಾರಿ ಗ್ರಂಥಾಲಯವಿತ್ತು, ಓದಲು ಸಂಬಳ ಪಡೆಯುವ ವಿದ್ವಾಂಸರಿದ್ದರು, ಅಚ್ಚು ಹಾಕಿಸಲು ಸಂಸ್ಥಾನದ ಹಣವಿತ್ತು ಎಂದು ನಾನು ವಿವರಿಸಿದೆ. "ತಂದುಕೊಟ್ಟವರ ಹೆಸರೇನು?" ಎಂದು ದೊಡ್ಡಪ್ಪ ಕೇಳಿದರು. ಶಾಮಶಾಸ್ತ್ರಿಗಳ ಹೆಸರನ್ನು ಎಲ್ಲರೂ ಬಲ್ಲರು, ಆ ಪಂಡಿತರು ಇಂದಿಗೂ ಬರೀ ಪಂಡಿತರೇ. ನಮ್ಮ ನಮೂನೆಗಳಲ್ಲಿ ಮಾಲೀಕರ ಹೆಸರಿನ ಕಲಮನ್ನು ದೊಡ್ಡಪ್ಪ ತಾವೇ ಕೂತು ತುಂಬಿಸಿದ್ದು ಈ ಮಾತುಕತೆಯ ಫಲ.

ಕೇಂದ್ರದಿಂದ ಒಬ್ಬ ಸಂರಕ್ಷಣಾ ತಜ್ಞರು, ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಬಂದು ನಮ್ಮ ಜಗಲಿಯಲ್ಲೇ ಕೆಲಸ ಮಾಡಿದರು. ಮೊದಲು ಯಾವ ಎಣ್ಣೆಯನ್ನೂ ಮುಟ್ಟಲಿಲ್ಲ. ಮೃದುವಾದ ಅಗಲ ಕುಂಚದಿಂದ, ಗರಿಯ ನಡುವಿನಿಂದ ಅಂಚಿನ ಕಡೆಗೆ ಮಾತ್ರ ಧೂಳು ತೆಗೆದರು. ಅಡ್ಡಾದಿಡ್ಡಿ ಉಜ್ಜಿದರೆ ಸೀಳು ಉದ್ದವಾಗುತ್ತದೆಯಂತೆ. ಒಂದಕ್ಕೊಂದು ಅಂಟಿಕೊಂಡಿದ್ದ ಗರಿಗಳನ್ನು ತೆಳುವಾದ ಬಿದಿರಿನ ಪಟ್ಟಿಯನ್ನು ತೂರಿಸಿ, ಉಸಿರು ಬಿಗಿಹಿಡಿದು ಬಿಡಿಸಿದರು. ಬರಹ ಕಂಠದಿಂದ, ಎಂದರೆ ಲೋಹದ ಮೊನೆಯ ಲೇಖನಿಯಿಂದ, ಕೊರೆದದ್ದೋ ಮಸಿಯಿಂದ ಬರೆದದ್ದೋ ಎಂದು ಭೂತಗನ್ನಡಿಯಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ, ನೀರು ಬೆರೆಸಿದ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒಂದು ಮೂಲೆಯನ್ನು ಒರೆಸಿ ಪರೀಕ್ಷಿಸಿದರು. ಹತ್ತಿ ಚಹಾದ ಬಣ್ಣಕ್ಕೆ ತಿರುಗಿತು. ಗರಿ ಹೊಂಬಣ್ಣಕ್ಕೆ ಬಂದಿತು. ಅಕ್ಷರ ಕಾಣದಷ್ಟು ಮಾಸಿದ್ದ ಕಡೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದಾಗ, ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿದು ಸಾಲುಗಳು ಎದ್ದು ನಿಂತವು. ಒಣಗಿ ಬಿರುಸಾಗಿದ್ದ ಗರಿಗಳಿಗೆ ಕೊನೆಯಲ್ಲಿ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಹಚ್ಚಿದರು. ಅದು ಹುಳುವಿಗೂ ಆಗದು, ಗರಿಗೂ ಬಳುಕು ಕೊಡುತ್ತದೆ.

ಎಣ್ಣೆ ಕಂಡ ಕೂಡಲೇ ದೊಡ್ಡಪ್ಪ "ತೈಲಾದ್ ರಕ್ಷೇತ್ ಜಲಾದ್ ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್" ಎಂದು ಶ್ಲೋಕ ಹೇಳಿದರು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಮಾತ್ರ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುವ ಶ್ಲೋಕವದು. ಪ್ರತಿ ಮಾಡಿದವರು ಕೊನೆಯ ಗರಿಯಲ್ಲಿ ಬರೆಯುತ್ತಿದ್ದ ರೂಢಿಯ ಮಾತು, ನಮ್ಮ ಕಟ್ಟೊಂದರಲ್ಲೂ ಇದೆ. ದೀಪದ ಕೆಳಗೆ ಕೂತು ಓದುವವರಿಗೆ ಹೇಳಿದ ಎಚ್ಚರಿಕೆ ಅದು, ನಾವು ಹಚ್ಚುತ್ತಿರುವ ಎಣ್ಣೆ ಬೇರೆ ಎಂದು ತಜ್ಞರು ಸಮಾಧಾನ ಹೇಳಿದರು. ಕಟ್ಟಿನ ವಿಷಯದಲ್ಲಿ ಶ್ಲೋಕವೂ ತಜ್ಞರೂ ಒಂದೇ ಪಕ್ಷ: ಸಡಿಲ ಬಿಟ್ಟರೆ ಗರಿಗಳು ಜಾರಾಡಿ ದಾರದ ತೂತು ಹರಿಯುತ್ತದೆ, ಮೇಲೆ ಕೆಳಗೆ ಹಲಗೆಯಿಟ್ಟು ಹದವಾಗಿ ಬಿಗಿದರೆ ಗರಿ ಸೆಡೆಯುವುದಿಲ್ಲ. ಬಜೆಯ ಬೇರನ್ನು ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡುವ ನಮ್ಮ ಅಜ್ಜಿಯ ಕ್ರಮವನ್ನು ಅವರು ಬದಲಿಸಲಿಲ್ಲ. ಸಚಿವಾಲಯವೊಂದು ಸಂಸ್ಕೃತಿಗಾಗಿ ಮಾಡಬಹುದಾದ ಅತ್ಯುತ್ತಮ ಕೆಲಸವನ್ನು ನಾನು ಕಂಡದ್ದು ಆ ಜಗಲಿಯಲ್ಲೇ. ವಸ್ತುವನ್ನು ಒಯ್ಯದೆ, ಅದನ್ನು ನೋಡಿಕೊಳ್ಳುವ ವಿದ್ಯೆಯನ್ನು ಮನೆಯಲ್ಲಿ ಬಿಟ್ಟುಹೋದರು. ಈಗ ನಮ್ಮ ಅತ್ತಿಗೆ ವರ್ಷಕ್ಕೊಮ್ಮೆ ತಾವೇ ಎಲ್ಲವನ್ನೂ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹರಡಿ, ಕಟ್ಟಿಡುತ್ತಾರೆ.

ಇನ್ನು ನಮೂನೆಯ ಮಾತು. ಒಂದು ಕಟ್ಟಿಗೆ ಒಂದು ನಮೂನೆ ಎಂದು ನಾವು ಎಣಿಸಿದ್ದೆವು. ಲೆಕ್ಕ ಹಾಗಲ್ಲ, ಒಂದು ಕೃತಿಗೆ ಒಂದು ನಮೂನೆ. ನಮ್ಮ ದಪ್ಪ ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದರೆ ಉಪನಯನದ ಪ್ರಯೋಗ (ವಿಧಿ ನಡೆಸುವ ಕ್ರಮ), ಮಧ್ಯದಲ್ಲಿ ಜೈಮಿನಿ ಭಾರತದ ಕೆಲವು ಸಂಧಿಗಳು, ಅದರ ಬೆನ್ನಿಗೇ ಹಾವು ಕಡಿತದ ಮದ್ದು, ಕೊನೆಗೆ ಯಾರದೋ ಜಾತಕ. ಕೃತಿಯ ಹೆಸರು, ಕರ್ತೃ, ವ್ಯಾಖ್ಯಾನಕಾರ, ಭಾಷೆ, ಲಿಪಿ, ಲಿಪಿಕಾರ, ಗರಿಗಳ ಸಂಖ್ಯೆ, ಉದ್ದಗಲ, ಪುಟಕ್ಕೆಷ್ಟು ಸಾಲು, ಪೂರ್ಣವೋ ಅಪೂರ್ಣವೋ, ಎಲ್ಲಿ ಗರಿ ತಪ್ಪಿದೆ, ಸ್ಥಿತಿ ಹೇಗಿದೆ ಎಂಬುದನ್ನೆಲ್ಲ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ತುಂಬಬೇಕು. ಗರಿಯ ಸಂಖ್ಯೆಯನ್ನು ಒಂದು ಮಗ್ಗುಲಲ್ಲಿ ಮಾತ್ರ, ಎಡ ಅಂಚಿನಲ್ಲಿ ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಇಲಿ ಕಡಿದದ್ದು ಹೆಚ್ಚಾಗಿ ಆ ಅಂಚನ್ನೇ.

ಕಾಲ ನಿರ್ಣಯದ ಕಲಮು ನಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಜೈಮಿನಿ ಭಾರತದ ಪ್ರತಿಯ ಕೊನೆಯಲ್ಲಿ ಸರ್ವಧಾರಿ ಸಂವತ್ಸರ, ಭಾದ್ರಪದ ಬಹುಳ ಎಂದಿದೆ, ಶಕವರ್ಷ ಕೊಟ್ಟಿಲ್ಲ. ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುವ ಸಂವತ್ಸರವಾದ್ದರಿಂದ ಅದು 1768 ಆಗಬಹುದು, 1828 ಆಗಬಹುದು, 1888ರದೂ ಆಗಬಹುದು. ತಿಥಿಯ ಜೊತೆಗೆ ವಾರ ಸಿಕ್ಕಿದ್ದರೆ ಪಂಚಾಂಗ ಗಣಿತದಿಂದ ಒಂದನ್ನು ಆರಿಸಬಹುದಿತ್ತು. ವಾರವಿದ್ದ ತುಂಡು ಮುರಿದುಹೋಗಿದೆ. ಅಕ್ಷರದ ಒರಸೆ ನೋಡಿ ಹತ್ತೊಂಬತ್ತನೆಯ ಶತಮಾನ ಎಂದಷ್ಟೇ ಬರೆದೆವು. ಲಿಪಿಯ ಕಲಮಿನಲ್ಲಿ ಇನ್ನೊಂದು ಗೊಂದಲ ಆಯಿತು. ಸಂಸ್ಕೃತದ ಪ್ರಯೋಗ ಗ್ರಂಥಗಳನ್ನು ನಮ್ಮ ಕಡೆ ತಿಗಳಾರಿಯಲ್ಲಿ ಬರೆಯುತ್ತಿದ್ದರು. ನೋಡಲು ಮಲಯಾಳಂ ಅಕ್ಷರವನ್ನು ಹೋಲುತ್ತದೆ. ವಿದ್ಯಾರ್ಥಿಗಳು ಮೊದಲು ಮಲಯಾಳಂ ಎಂದೇ ಗುರುತು ಹಾಕಿದ್ದರು. ಪಕ್ಕದ ಊರಿನ ಹಿರಿಯ ಪುರೋಹಿತರೊಬ್ಬರು ಬಂದು ನಾಲ್ಕು ಸಾಲು ಓದಿ ತೋರಿಸಿದ ಮೇಲೆ ತಿದ್ದಿದರು. ಈ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2024ರ ಸೆಪ್ಟೆಂಬರ್‌ನಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಅಂದರೆ ಅದರಲ್ಲಿರುವ ಪಠ್ಯವನ್ನು ಯಂತ್ರ ಓದುವ ಕಾಲ ಬರುವುದಿದ್ದರೂ ಅದಕ್ಕೆ ಮೊದಲ ಪಾಠ ಹೇಳಿಕೊಡಬೇಕಾದವರು ಈ ಪುರೋಹಿತರಂಥವರು, ಮತ್ತು ಅವರಿಗೆ ವಯಸ್ಸಾಗುತ್ತಿದೆ.

ನಿಜವಾದ ಭಿನ್ನಾಭಿಪ್ರಾಯ ಬಂದದ್ದು ಲೆಕ್ಕದ ಗರಿಗಳ ವಿಷಯದಲ್ಲಿ. ಒಂದು ಸಣ್ಣ ಕಟ್ಟಿನ ತುಂಬ ಅಡಕೆ, ಕಾಳುಮೆಣಸು, ಭತ್ತ, ಕೂಲಿ, ಸಾಲ, ದೇವಸ್ಥಾನಕ್ಕೆ ಕೊಟ್ಟ ಎಣ್ಣೆ, ಮದುವೆಗೆ ತಂದ ಬೆಲ್ಲದ ಲೆಕ್ಕವಿದೆ. ಅದರ ಜೊತೆ ಒಂದು ಕಡತವೂ ಇತ್ತು: ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದದ್ದು. ಇದು ಕೃತಿಯಲ್ಲ, ಇದಕ್ಕೆ ಹೆಸರೂ ಇಲ್ಲ ಕರ್ತೃವೂ ಇಲ್ಲ, ನಮೂನೆಯಲ್ಲಿ ಹೇಗೆ ತುಂಬುವುದು ಎಂದು ವಿದ್ಯಾರ್ಥಿ ಅದನ್ನು ಬದಿಗಿಟ್ಟ. ಅವನ ತಪ್ಪೇನೂ ಅಲ್ಲ; ನಮೂನೆ ಮಾಡಿದವರ ಕಣ್ಣಮುಂದೆ ಇದ್ದದ್ದು ಶಾಸ್ತ್ರ ಮತ್ತು ಕಾವ್ಯ. ಆದರೆ ಜೈಮಿನಿ ಭಾರತಕ್ಕೆ ಕನ್ನಡ ನಾಡಿನಲ್ಲಿ ಪ್ರತಿಗಳು ಲೆಕ್ಕವಿಲ್ಲದಷ್ಟಿವೆ, ಅಚ್ಚಾದ ಪುಸ್ತಕವೂ ಇದೆ. ನಮ್ಮೂರಿನ ಒಂದು ಮನೆ ಒಂದು ಮಳೆಗಾಲವನ್ನು ಎಷ್ಟು ಅಕ್ಕಿ, ಎಷ್ಟು ಸಾಲದ ಮೇಲೆ ದಾಟಿತು ಎಂಬುದಕ್ಕೆ ಇರುವ ಪ್ರತಿ ಇದೊಂದೇ. ರಾಷ್ಟ್ರದ ಸಂಸ್ಕೃತಿ ಎಂದು ಸಚಿವಾಲಯ ಬರೆಯುವಾಗ ಅದರೊಳಗೆ ಈ ಬೆಲ್ಲದ ಲೆಕ್ಕಕ್ಕೆ ಜಾಗವಿಲ್ಲದಿದ್ದರೆ ಆ ಸಂಸ್ಕೃತಿ ಪಂಡಿತರ ಮನೆಯ ಪಡಸಾಲೆಯಲ್ಲೇ ನಿಂತುಬಿಡುತ್ತದೆ ಎಂದು ನಾನು ವಾದಿಸಿದೆ. ತಜ್ಞರು ಸ್ವಲ್ಪ ಯೋಚಿಸಿ, ಹೆಸರಿನ ಕಲಮಿನಲ್ಲಿ "ಮನೆಯ ಲೆಕ್ಕ" ಎಂದೂ ಕರ್ತೃವಿನ ಕಲಮಿನಲ್ಲಿ ಅಡ್ಡಗೆರೆಯನ್ನೂ ಹಾಕಿಸಿ, ವಿಷಯದ ಕಲಮಿನಲ್ಲಿ ಇತಿಹಾಸ ಎಂದು ಬರೆಸಿದರು. ಕಡತವನ್ನೂ ಸೇರಿಸಿದರು. ಕೆಳದಿ ಅರಸರ ಸೀಮೆಯಲ್ಲಿ ಶಿವಪ್ಪನಾಯಕನ ಶಿಸ್ತಿನ (ಭೂಕಂದಾಯ ನಿಗದಿಯ) ಮಾತು ಬಂದಾಗಲೆಲ್ಲ ಚರಿತ್ರೆಕಾರರು ಹುಡುಕುವುದು ಇಂಥ ಲೆಕ್ಕಗಳನ್ನೇ ಎಂದು ಹೊರಡುವ ಹೊತ್ತಿಗೆ ಅವರೇ ಹೇಳಿದರು.

ಛಾಯಾಚಿತ್ರ ತೆಗೆಯುವ ಕೆಲಸ ಮುಂದೆ ಬೇಸಿಗೆಯಲ್ಲಿ ನಡೆಯಿತು. ಕ್ಯಾಮೆರಾ, ದೀಪ, ಸ್ಟ್ಯಾಂಡ್ ಎಲ್ಲವನ್ನೂ ಅವರೇ ತಂದರು; ನಮ್ಮ ಪಾಲಿಗೆ ಬಂದ ಕೆಲಸ ವಿದ್ಯುತ್ ಹೋಗದಂತೆ ದೇವರಿಗೆ ಹೇಳಿಕೊಳ್ಳುವುದು. ಗರಿಯ ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇಟ್ಟು ಎರಡೂ ಮಗ್ಗುಲುಗಳನ್ನು ತೆಗೆದರು, ಖಾಲಿ ಗರಿಗಳನ್ನೂ ಬಿಡಲಿಲ್ಲ. ಚಿತ್ರಗಳ ಒಂದು ಪ್ರತಿ ನಮಗೆ ಬೇಕೆಂದು ಮೊದಲೇ ಬರೆದುಕೊಟ್ಟಿದ್ದೆವು, ಮತ್ತೆ ಮತ್ತೆ ನೆನಪಿಸಿದ ಮೇಲೆ ಅದು ಹಾರ್ಡ್ ಡಿಸ್ಕಿನಲ್ಲಿ ಬಂದಿತು. ಈ ಕೆಲಸಕ್ಕೆ ಇಳಿಯುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಎರಡು ವಿಷಯಗಳನ್ನು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು: ಚಿತ್ರಗಳ ಪ್ರತಿ ತಮಗೆ ಸಿಗುವುದು, ಮತ್ತು ಚಿತ್ರಗಳನ್ನು ಸಾರ್ವಜನಿಕರು ನೋಡಬಹುದೋ ಸಂಶೋಧಕರು ಮಾತ್ರವೋ ಎಂಬುದು. ನಾವು ಎಲ್ಲರೂ ನೋಡಲಿ ಎಂದೆವು. ಮದ್ದಿನ ಗರಿಗಳನ್ನು ಮಾತ್ರ ದೊಡ್ಡಪ್ಪ ತಡೆಹಿಡಿದರು. ಪ್ರಮಾಣ ತಪ್ಪಿದರೆ ಪ್ರಾಣಕ್ಕೆ ಕುತ್ತು, ಓದಿದವರೆಲ್ಲ ವೈದ್ಯರಾಗಿಬಿಡುತ್ತಾರೆ ಎಂಬುದು ಅವರ ಆತಂಕ. ಅದನ್ನು ಕೇಂದ್ರದವರೂ ಒಪ್ಪಿದರು.

ಅಭಿಯಾನದ ಈವರೆಗಿನ ಪಟ್ಟಿಯಲ್ಲಿ ಸುಮಾರು 50 ಲಕ್ಷ ಹಸ್ತಪ್ರತಿಗಳ ವಿವರವಿದೆ. ಡಿಜಿಟಲ್ ರೂಪಕ್ಕೆ ಬಂದವು ಅದರಲ್ಲಿ ಸಣ್ಣ ಪಾಲು, ಯಾರಾದರೂ ಓದಿ ಸಂಪಾದಿಸಿದವು ಇನ್ನೂ ಸಣ್ಣ ಪಾಲು. ಪಟ್ಟಿ ಮಾಡುವುದನ್ನು ಅಂಕಿಗಳಲ್ಲಿ ತೋರಿಸಬಹುದು, ಸಂಸತ್ತಿನಲ್ಲಿ ಉತ್ತರವಾಗಿ ಓದಬಹುದು; ಓದುವುದನ್ನು ಹಾಗೆ ತೋರಿಸಲಾಗದು. ನಮ್ಮ ಲೆಕ್ಕದ ಗರಿಗಳ ಮಟ್ಟಿಗೆ ಹೇಳುವುದಾದರೆ, ಅಲ್ಲಿನ ತೂಕ ಅಳತೆಯ ಚಿಹ್ನೆಗಳನ್ನು ಬಲ್ಲವರು ಯಾರೂ ಇನ್ನೂ ಸಿಕ್ಕಿಲ್ಲ. ದೊಡ್ಡಪ್ಪನಿಗೆ ಖಂಡುಗ, ಕೊಳಗದ ಗುರುತುಗಳು ತಿಳಿಯುತ್ತವೆ, ಹಣದ ಭಿನ್ನರಾಶಿಯ ಗುರುತುಗಳು ಪೂರ್ತಿ ತಿಳಿಯವು. ಅವರು ಹೇಳಿದಷ್ಟನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಹೊಸ ಯೋಜನೆ ಘೋಷಣೆಯಾದ ಮೇಲೆ ಸುತ್ತಲಿನ ಮನೆಗಳವರು ಕೇಳಿಕೊಂಡು ಬರುತ್ತಿದ್ದಾರೆ. ಕಳೆದ ಬಾರಿ ಬಂದವರು ನಮ್ಮ ದೂರದ ಸಂಬಂಧದ ಒಬ್ಬ ಚಿಕ್ಕಮ್ಮ. ಅವರ ಕೈಯಲ್ಲಿದ್ದದ್ದು ತಾಳೆಗರಿಯಲ್ಲ, ಅತ್ತೆ ಬರೆದಿಟ್ಟ ಹಾಡಿನ ಪುಸ್ತಕ. ಹಸೆ ಬರೆಯುವಾಗಿನ ಹಾಡು, ನಾಂದಿಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲವೂ ಅದರಲ್ಲಿವೆ. ಮೊದಲ ಪುಟದಲ್ಲಿ ಪಾರ್ಥಿವ ಸಂವತ್ಸರ ಎಂದಿದೆ, ಎಂದರೆ 1945ರ ಸುಮಾರು. ಕೊನೆಯ ಹಾಡುಗಳನ್ನು ಬಾಲ್‌ಪೆನ್ನಿನಲ್ಲಿ ಬರೆದಿದ್ದಾರೆ, ಅವು ಎಪ್ಪತ್ತರ ದಶಕದವು ಇರಬೇಕು. 75 ವರ್ಷದ ನಿಯಮಕ್ಕೆ ಪುಸ್ತಕದ ಮೊದಲ ಅರ್ಧ ಸಲ್ಲುತ್ತದೆ, ಎರಡನೆಯ ಅರ್ಧ ಸಲ್ಲುವುದಿಲ್ಲ. ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ. ಬರೆಯಲು ಆರಂಭಿಸಿದ ವರ್ಷವನ್ನೇ ಕಾಲದ ಕಲಮಿನಲ್ಲಿ ಹಾಕಿ ಇಡೀ ಪುಸ್ತಕವನ್ನು ಒಂದೇ ಕೃತಿಯಾಗಿ ಕಳಿಸಿ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಲಿಪಿಕಾರರ ಕಲಮಿನಲ್ಲಿ ಅತ್ತೆಯ ಹೆಸರು ತುಂಬಿದ್ದಾಯಿತು. ಕರ್ತೃವಿನ ಕಲಮಿನಲ್ಲಿ ಏನು ಬರೆಯಬೇಕೆಂದು ಚಿಕ್ಕಮ್ಮ ಇನ್ನೂ ತೀರ್ಮಾನಿಸಿಲ್ಲ. ಬೀಗರ ಹಾಡುಗಳಲ್ಲಿ ಕೆಲವನ್ನು ಅತ್ತೆಯೇ ಕಟ್ಟಿದ್ದು ಎಂದು ಅವರ ವಾದ.